ಚಿಕ್ಕ ಹಾಯಿದೋಣಿಯ ಟಾಯ್ಲೆಟ್‌ಗೆ ಹೋಲ್ಡಿಂಗ್ ಟ್ಯಾಂಕ್ ಕೂರಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: 26 ಅಡಿಯ ಹಾಯಿದೋಣಿ, ಕೈಪಂಪಿನ ಕಮೋಡ್, ಈಗ ಎಲ್ಲವೂ ನೇರ ನೀರಿಗೆ ಹೋಗುತ್ತಿದೆ. ಕೊಳಕನ್ನು ಹೊರಬಿಡದೆ ಕೂಡಿಡುವ ಹೋಲ್ಡಿಂಗ್ ಟ್ಯಾಂಕ್ ಹಾಕಬೇಕು. ಎಷ್ಟು ಲೀಟರಿನದು, ಎಲ್ಲಿ ಇಡಬೇಕು, ಒಳಗೆಲ್ಲ ವಾಸನೆ ಬರುತ್ತದಾ, ಕಾನೂನು ಏನು ಹೇಳುತ್ತದೆ?

ನನ್ನದೂ ಹೆಚ್ಚುಕಮ್ಮಿ ಅದೇ ಅಳತೆಯ ದೋಣಿ. ಈ ಕೆಲಸವನ್ನು ನಾನು ಎರಡು ಸಲ ಮಾಡಿದ್ದೇನೆ. ಎರಡು ಸಲ ಯಾಕೆ ಅಂದರೆ ಮೊದಲನೇದು ಹಾಳಾಯಿತು, ಅಷ್ಟೇ. ಎಲ್ಲರೂ ಮೊದಲು ಟ್ಯಾಂಕ್ ಹುಡುಕಲು ಹೊರಡುತ್ತಾರೆ. ನಾನೂ ಹಾಗೇ ಮಾಡಿದೆ. ನಿಜವಾಗಿ ಟ್ಯಾಂಕ್ ಅನ್ನೋದು ಒಂದು ಪ್ಲಾಸ್ಟಿಕ್ ಡಬ್ಬ. ತಲೆನೋವೆಲ್ಲ ಇರುವುದು ಪೈಪಿನಲ್ಲಿ ಮತ್ತು ಗಾಳಿಯಲ್ಲಿ. ಕೊಳಕು ಯಾವ ದಾರಿಯಲ್ಲಿ ಹೋಗುತ್ತದೆ, ಗಾಳಿ ಯಾವ ದಾರಿಯಲ್ಲಿ ಬರುತ್ತದೆ ಎಂದು ಮೊದಲು ಒಂದು ಹಾಳೆಯ ಮೇಲೆ ಗೆರೆ ಎಳೆಯಿರಿ. ಟ್ಯಾಂಕ್ ಆಮೇಲೆ.

ನನ್ನ ಮೊದಲ ಜೋಡಣೆ ಹೀಗಿತ್ತು. ಮುಂದಿನ ಮಲಗುವ ಹಲಗೆಯ ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ ಟ್ಯಾಂಕ್. ಕಮೋಡ್‌ನಿಂದ ಬಂದ ಪೈಪಿಗೆ ಒಂದು ವೈ-ವಾಲ್ವ್: ಒಂದು ಕವಲು ಹೊರಗೆ, ಇನ್ನೊಂದು ಟ್ಯಾಂಕಿಗೆ. ಟ್ಯಾಂಕ್ ಖಾಲಿ ಮಾಡಲು ಒಂದು ಕರೆಂಟ್ ಪಂಪು. ಬಂದರಿನ ಪಂಪಿನಿಂದ ಡೆಕ್ ಮೇಲಿಂದ ಹೀರಿಸಲು ಇನ್ನೊಂದು ಪೈಪು. ಮುಗಿಸಿ ಎಣಿಸಿದರೆ 16 ಕಡೆ ಪೈಪಿನ ಜೋಡಣೆ! ಪ್ರತಿ ಜೋಡಣೆಯೂ ಒಂದಲ್ಲ ಒಂದು ದಿನ ಸೋರಲು ಕಾಯುತ್ತಾ ಕೂತಿರುತ್ತದೆ. ಆ ಕರೆಂಟ್ ಪಂಪಂತೂ ಕೂದಲು ಸುತ್ತಿಕೊಂಡು ನಿಂತಿತು, ಅದೂ ಟ್ಯಾಂಕ್ ತುಂಬಿದ್ದಾಗ. ಅದನ್ನು ಬಿಚ್ಚಿದ ಕಥೆ ಬೇಡ ಬಿಡಿ.

ಎರಡನೇ ಸಲ ಎಲ್ಲ ಕಿತ್ತು ಬಿಸಾಕಿ, ಟ್ಯಾಂಕನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟೆ. ನಿಮಗೂ ಜಾಗ ಸಿಕ್ಕರೆ ಇದನ್ನೇ ಮಾಡಿ ಎನ್ನುತ್ತೇನೆ. ಕಮೋಡ್‌ನ ಪಂಪು ಎಲ್ಲವನ್ನೂ ಮೇಲಕ್ಕೆ ತಳ್ಳಿ ಟ್ಯಾಂಕಿನ ತಲೆಯಲ್ಲಿ ಬಿಡುತ್ತದೆ. ಟ್ಯಾಂಕಿನ ತಳದಿಂದ ಒಂದು ದಪ್ಪ ಪೈಪು ನೇರ ಕೆಳಗಿಳಿದು ಸೀಕಾಕ್‌ಗೆ, ಅಂದರೆ ದೋಣಿಯ ಮೈ ಕೊರೆದು ಕೂರಿಸಿದ ವಾಲ್ವ್‌ಗೆ ಸೇರುತ್ತದೆ. ಸೀಕಾಕ್ ಮುಚ್ಚಿದರೆ ಟ್ಯಾಂಕ್ ತುಂಬುತ್ತದೆ. ಬಿಡಬಹುದಾದ ಜಾಗದಲ್ಲಿ ತೆರೆದರೆ ತನ್ನ ಭಾರಕ್ಕೆ ತಾನೇ ಖಾಲಿಯಾಗುತ್ತದೆ. ವೈ-ವಾಲ್ವ್ ಇಲ್ಲ, ಕರೆಂಟ್ ಇಲ್ಲ. ಟ್ಯಾಂಕಿನ ತಲೆಯಿಂದ ಡೆಕ್‌ಗೆ ಒಂದು ಹೀರುವ ಪೈಪು, ಒಂದು ಗಾಳಿ ಪೈಪು. ಅಷ್ಟೇ. ಎಂಟು ಜೋಡಣೆಯಲ್ಲಿ ಮುಗಿಯಿತು.

ನೀರಿನ ಮಟ್ಟ ದೋಣಿಯೊಳಗೆ ಎಲ್ಲಿ ಬರುತ್ತದೆ ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ. ಗಾರೆ ಕೆಲಸದವರು ಟ್ಯೂಬಿನಲ್ಲಿ ನೀರು ತುಂಬಿ ಗೋಡೆಯ ಮಟ್ಟ ನೋಡುತ್ತಾರಲ್ವಾ, ಅದೇ ಉಪಾಯ. ದೋಣಿ ನೀರಿನಲ್ಲಿರುವಾಗ ಸೀಕಾಕ್ ಮುಚ್ಚಿ, ಅದರ ಬಾಯಿಗೆ ಪಾರದರ್ಶಕ ಪೈಪ್ ಕಚ್ಚಿಸಿ ಕ್ಲಾಂಪ್ ಬಿಗಿಯಿರಿ. ಇನ್ನೊಂದು ತುದಿಯನ್ನು ಎತ್ತಿ ಹಿಡಿದು ಆಮೇಲೆ ಸೀಕಾಕ್ ತೆರೆಯಿರಿ. ಪೈಪಿನೊಳಗೆ ನೀರು ಎಲ್ಲಿ ನಿಂತಿತೋ ಅದೇ ಹೊರಗಿನ ಮಟ್ಟ. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿಕೊಳ್ಳಿ. ಟ್ಯಾಂಕಿನ ತಳ ಆ ಗೆರೆಗಿಂತ ಮೇಲಿರಬೇಕು, ಜಾಸ್ತಿ ಇದ್ದಷ್ಟೂ ಒಳ್ಳೆಯದು. ನನ್ನದರಲ್ಲಿ ಕಮೋಡ್‌ನ ಹಿಂದೆ ಬಟ್ಟೆ ನೇತುಹಾಕುವ ಬೀರು ಇತ್ತು. ಅದನ್ನೇ ಬಲಿ ಕೊಟ್ಟೆ.

ಎಷ್ಟು ಲೀಟರ್? ಕೈಪಂಪಿನ ಕಮೋಡ್ ಒಂದು ಸಲಕ್ಕೆ ಸುಮಾರು 2ರಿಂದ 3 ಲೀಟರ್ ನೀರು ಕುಡಿಯುತ್ತದೆ. ಇಬ್ಬರು, ತಲಾ ದಿನಕ್ಕೆ ಐದು ಸಲ, 2.5 ಲೀಟರಿನಂತೆ ಲೆಕ್ಕ ಹಾಕಿ: ದಿನಕ್ಕೆ 25 ಲೀಟರ್. ಎರಡು ದಿನಕ್ಕೆ 50. ನಿಮ್ಮ ಅಳತೆಯ ದೋಣಿಗೆ 40ರಿಂದ 50 ಲೀಟರ್ ಸಾಕು. ದೊಡ್ಡದಿದ್ದರೆ ಒಳ್ಳೆಯದಲ್ವಾ ಅನ್ನಿಸಬಹುದು. ಆದರೆ ಒಂದು ಲೀಟರ್ ಅಂದರೆ ಒಂದು ಕಿಲೋ. 100 ಲೀಟರ್ ತುಂಬಿದ ಟ್ಯಾಂಕ್ ಒಂದು ಪಕ್ಕದಲ್ಲಿ, ಅದೂ ಎತ್ತರದಲ್ಲಿ ಇದ್ದರೆ ಚಿಕ್ಕ ದೋಣಿ ಖಂಡಿತ ಒಂದು ಕಡೆಗೆ ವಾಲುತ್ತದೆ. ನನ್ನದು 45 ಲೀಟರ್. ಬ್ಯಾಟರಿಗಳನ್ನು ಎದುರು ಪಕ್ಕಕ್ಕೆ ಸರಿಸಿದ್ದೇನೆ.

ಟ್ಯಾಂಕ್ ಕೊಳ್ಳುವ ಮುಂಚೆ ರಟ್ಟಿನಲ್ಲಿ ಅದೇ ಅಳತೆಯ ಡಬ್ಬ ಮಾಡಿ ಜಾಗದಲ್ಲಿ ಇಟ್ಟು ನೋಡಿ. ಪೈಪು ಹೊರಡುವ ಕಡೆ ರಟ್ಟಿನ ಕೊಳವೆಯನ್ನೂ ಅಂಟಿಸಿ, ಯಾಕೆಂದರೆ ದಪ್ಪ ಪೈಪು ನೀವು ಅಂದುಕೊಂಡಷ್ಟು ಬಾಗುವುದಿಲ್ಲ. ಮುಖ್ಯವಾಗಿ ಆ ಡಬ್ಬವನ್ನು ಹೊರಗಿನಿಂದ ಒಳಗೆ ತಂದು ನೋಡಿ. ಮೊದಲ ಸಲ ನಾನು ಹಲಗೆಯ ಕೆಳಗಿನ ಜಾಗವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದೆ. ಅದರ ಬಾಯಿ ಅಳೆಯಲಿಲ್ಲ. ಟ್ಯಾಂಕ್ ಬಂತು, ಬಾಯಿಗಿಂತ ಆರು ಸೆಂಟಿಮೀಟರ್ ಅಗಲ. ಚೆಂದದ ಪ್ಲೈವುಡ್ ಹಲಗೆಯನ್ನು ಗರಗಸ ಹಾಕಿ ಕೊಯ್ದೆ. ಆ ತೇಪೆ ಇವತ್ತಿಗೂ ನನ್ನನ್ನು ನೋಡಿ ನಗುತ್ತದೆ.

ದಪ್ಪ ಪಾಲಿಎಥಿಲೀನ್ ಟ್ಯಾಂಕ್ ತೆಗೆದುಕೊಳ್ಳಿ, ಗೋಡೆ 8ರಿಂದ 10 ಮಿಲಿಮೀಟರ್ ಇರಲಿ. ತೆಳು ಪ್ಲಾಸ್ಟಿಕ್‌ನಲ್ಲಿ ವಾಸನೆ ನಿಧಾನಕ್ಕೆ ಹಾದು ಬರುತ್ತದೆ. ಸ್ಟೀಲು ಗಟ್ಟಿ ಎಂದು ಮೋಸ ಹೋಗಬೇಡಿ. ಮೂತ್ರ ಮತ್ತು ಉಪ್ಪುನೀರು ಸೇರಿ ಬೆಸುಗೆಯ ಗೆರೆಯನ್ನೇ ತಿನ್ನುತ್ತವೆ. ಅಲ್ಯುಮಿನಿಯಂ ಗತಿಯೂ ಅದೇ. ರಬ್ಬರ್ ಚೀಲದಂಥ ಟ್ಯಾಂಕ್ ಯಾವ ಮೂಲೆಗಾದರೂ ಕೂರುತ್ತದೆ, ಆದರೆ ಅಲೆಗೆ ಉಜ್ಜಿ ಉಜ್ಜಿ ತೂತಾಗುತ್ತದೆ. ಇನ್ನೊಂದು ವಿಷಯ: ಪಾಲಿಎಥಿಲೀನ್‌ಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ತೂತು ಕೊರೆದು ಸೀಲಂಟ್ ಮೆತ್ತಿದರಾಯಿತು ಅಂದುಕೊಳ್ಳಬೇಡಿ. ಪೈಪಿನ ಬಾಯಿಗಳು ಎಲ್ಲೆಲ್ಲಿ ಬೇಕು ಎಂದು ಚಿತ್ರ ಬರೆದುಕೊಟ್ಟು, ಮಾಡುವವರಿಂದಲೇ ಬೆಸುಗೆ ಹಾಕಿಸಿಕೊಳ್ಳಿ. ತಲೆಯ ಮೇಲೆ ಕೈ ಹೋಗುವಷ್ಟು ದೊಡ್ಡ ಮುಚ್ಚಳವೂ ಇರಲಿ.

ಈಗ ವಾಸನೆ. ಟ್ಯಾಂಕಿನೊಳಗೆ ಎರಡು ಥರದ ಬ್ಯಾಕ್ಟೀರಿಯಾ ಇರುತ್ತವೆ. ಗಾಳಿ ಸಿಕ್ಕರೆ ಒಂದು ಬಗೆಯವು ಬೆಳೆಯುತ್ತವೆ, ಅವು ಬಿಡುವುದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್, ವಾಸನೆ ಇಲ್ಲ. ಗಾಳಿ ಇಲ್ಲದಿದ್ದರೆ ಇನ್ನೊಂದು ಬಗೆಯದು ಗೆಲ್ಲುತ್ತದೆ, ಅವು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ನಾತ ಅಂದರೆ ಅದೇ. ಹಾಗಾಗಿ ಗಾಳಿ ಪೈಪು ಬರೀ ಒತ್ತಡ ಬಿಡಲು ಇರುವ ತೂತಲ್ಲ, ಟ್ಯಾಂಕಿನ ಮೂಗು ಅದು. ಹಳೆಯ ದೋಣಿಗಳಲ್ಲಿ 16 ಮಿಲಿಮೀಟರ್ ಪೈಪು ಹಾಕಿರುತ್ತಾರೆ. ನೀವು 25 ಹಾಕಿ. ಆದಷ್ಟು ಗಿಡ್ಡ, ಆದಷ್ಟು ನೇರ, ಉದ್ದಕ್ಕೂ ಏರುತ್ತಲೇ ಹೋಗಬೇಕು. ಸಾಧ್ಯವಾದರೆ ಎರಡು ಪಕ್ಕಕ್ಕೆ ಎರಡು ಪೈಪು ಹಾಕಿ, ಒಂದರಲ್ಲಿ ಬಂದ ಗಾಳಿ ಇನ್ನೊಂದರಲ್ಲಿ ಹೋಗುತ್ತದೆ.

ನನ್ನ ಮೊದಲ ಗಾಳಿ ಪೈಪು ಸಣ್ಣದು, ಮೂರು ಮೀಟರ್ ಉದ್ದ, ನಡುವೆ ಜೋತುಬಿದ್ದಿತ್ತು. ಆ ಜೋತಿನಲ್ಲಿ ಕೊಳಕು ನೀರು ನಿಂತು ಗಾಳಿ ಕಟ್ಟಿತು. ಕಮೋಡ್‌ನ ಪಂಪು ಬಿಗಿಯಾಗುತ್ತಾ ಬಂತು. ನಾನು ಪಂಪೇ ಕೆಟ್ಟಿತೆಂದು ಅದಕ್ಕೆ ಎಣ್ಣೆ ಹಾಕುತ್ತಾ ಕೂತೆ! ಖಾಲಿ ಮಾಡಿಸೋಣ ಎಂದು ಡೆಕ್ ಮೇಲಿನ ಮುಚ್ಚಳ ತಿರುಗಿಸಿದಾಗ ಒಳಗಿನ ಒತ್ತಡವೆಲ್ಲ ಹೀರುವ ಪೈಪಿನಲ್ಲಿ ಮೇಲಕ್ಕೆ ಹಾರಿತು. ನಾನು ಮುಚ್ಚಳದ ಮೇಲೆ ಬಗ್ಗಿದ್ದೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಪಂಪು ಬಿಗಿ ಅನ್ನಿಸಿದರೆ ಮೊದಲು ಗಾಳಿ ಪೈಪು ನೋಡಿ, ಬಲ ಹಾಕಬೇಡಿ. ಅದು ಕಟ್ಟಿಕೊಂಡಿರುವಾಗ ಮೇಲಿಂದ ಯಂತ್ರ ಹಚ್ಚಿ ಹೀರಿಸಿದರೆ ಟ್ಯಾಂಕ್ ಒಳಕ್ಕೆ ಕುಸಿಯಬಹುದು, ಕೆಳಗಿನಿಂದ ತಳ್ಳುತ್ತಲೇ ಇದ್ದರೆ ಒಡೆಯಬಹುದು.

ಗಾಳಿ ಪೈಪಿನ ಹೊರಬಾಯಿ ದೋಣಿ ವಾಲಿದಾಗ ನೀರಿನಲ್ಲಿ ಮುಳುಗಬಾರದು. ಕೂರುವ ಜಾಗ, ಕಿಟಕಿಗಳ ಹತ್ತಿರವೂ ಬೇಡ. ಹೈಡ್ರೋಜನ್ ಸಲ್ಫೈಡ್ ಬಗ್ಗೆ ಒಂದು ಮಾತು. ಅದು ವಿಷದ ಗಾಳಿ. ಜಾಸ್ತಿ ಆದಾಗ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ಹಳೆಯ ಟ್ಯಾಂಕ್ ಬಿಚ್ಚುವಾಗ ಎಲ್ಲ ಕಿಟಕಿ, ಬಾಗಿಲು ತೆರೆದಿಡಿ, ಒಬ್ಬರೇ ಇಳಿಯಬೇಡಿ, ಬೆಂಕಿ ಹತ್ತಿರ ತರಬೇಡಿ.

ವಾಸನೆಯ ಇನ್ನೊಂದು ದಾರಿ ಪೈಪಿನ ಗೋಡೆ. ಸುರುಳಿ ತಂತಿ ಇರುವ ಅಗ್ಗದ ಪಿವಿಸಿ ಪೈಪು ಒಂದೆರಡು ವರ್ಷದಲ್ಲಿ ನಾತ ಹೀರಿಕೊಂಡು ಹೊರಗೆ ಬಿಡುತ್ತದೆ. ಪರೀಕ್ಷೆ ಸುಲಭ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೈಪಿಗೆ ಸ್ವಲ್ಪ ಹೊತ್ತು ಸುತ್ತಿಡಿ, ತಣ್ಣಗಾದ ಮೇಲೆ ಹೊರಗೆ ತಂದು ಮೂಸಿ. ಬಟ್ಟೆ ನಾರಿದರೆ ಪೈಪು ಹೋಯಿತು ಅಂತಲೇ. ಟಾಯ್ಲೆಟ್‌ಗೆಂದೇ ಮಾಡಿದ 38 ಮಿಲಿಮೀಟರ್ ರಬ್ಬರ್ ಪೈಪು ಹಾಕಿ. ನೇರ ಇರುವ ಕಡೆ ಗಟ್ಟಿ ಪಿವಿಸಿ ಕೊಳವೆ ಹಾಕಿದರೆ ಇನ್ನೂ ಒಳ್ಳೆಯದು, ಅದರಲ್ಲಿ ನಾತ ಹಾಯುವುದಿಲ್ಲ. ಎಲ್ಲೂ ಕೊಳಕು ನಿಲ್ಲುವ ತಗ್ಗು ಬೇಡ. ರಬ್ಬರ್ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಪಾತ್ರೆ ತೊಳೆಯುವ ಸೋಪು ಸವರಿದರೆ ಸಲೀಸಾಗಿ ಕೂರುತ್ತದೆ. ನೀರಿನ ಮಟ್ಟದ ಕೆಳಗಿನ ಪ್ರತಿ ಜೋಡಣೆಗೆ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್.

ಪಂಪು ಮಾಡುವುದರಲ್ಲೂ ಒಂದು ಲೆಕ್ಕ ಇದೆ. 38 ಮಿಲಿಮೀಟರ್ ಪೈಪಿನ ಒಂದು ಮೀಟರಿನಲ್ಲಿ ಸುಮಾರು 1.1 ಲೀಟರ್ ಹಿಡಿಯುತ್ತದೆ. ಕಮೋಡ್‌ನಿಂದ ಟ್ಯಾಂಕಿಗೆ ಮೂರು ಮೀಟರ್ ಇದ್ದರೆ 3.3 ಲೀಟರ್ ತಳ್ಳದೆ ಪೈಪು ತೊಳೆದಂತಾಗುವುದಿಲ್ಲ. ನಾಲ್ಕು ಸಲ ಒತ್ತಿ ಬಿಟ್ಟರೆ ಕೊಳಕು ಪೈಪಿನಲ್ಲೇ ಮಲಗಿರುತ್ತದೆ. ಮೂತ್ರ, ಸಮುದ್ರದ ನೀರು ಸೇರಿ ಒಳಗೋಡೆಗೆ ಸುಣ್ಣದಂತೆ ಗಟ್ಟಿ ಪದರ ಕಟ್ಟುತ್ತದೆ. ಪೈಪಿನ ಬಾಯಿ ವರ್ಷ ವರ್ಷಕ್ಕೆ ಕಿರಿದಾಗುತ್ತದೆ. ಆದ್ದರಿಂದ ಕಮೋಡ್ ಮತ್ತು ಟ್ಯಾಂಕ್ ಹತ್ತಿರ ಹತ್ತಿರ ಇರಲಿ. ನನ್ನದು ಈಗ ಒಂದೂಕಾಲು ಮೀಟರ್.

ಒಂದನ್ನು ಮಾತ್ರ ತಪ್ಪಿಸಬೇಡಿ. ನಿಮ್ಮ ಕಮೋಡ್‌ನ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅಥವಾ ದೋಣಿ ವಾಲಿದಾಗ ಕೆಳಗಾಗುವಂತಿದ್ದರೆ, ಒಳಗೆ ನೀರು ತರುವ ಪೈಪಿನಲ್ಲಿ ಗಾಳಿ ಬಿಡುವ ಬಾಗು ಬೇಕೇ ಬೇಕು. ವೆಂಟೆಡ್ ಲೂಪ್ ಎನ್ನುತ್ತಾರೆ. ಅದು ಇಲ್ಲದಿದ್ದರೆ ಒಮ್ಮೆ ಶುರುವಾದ ಸೈಫನ್, ಅಂದರೆ ಪಂಪಿಲ್ಲದೆಯೇ ಪೈಪಿನಲ್ಲಿ ನೀರು ಎಳೆದುಕೊಂಡು ಬರುವುದು, ತಾನಾಗಿ ನಿಲ್ಲುವುದಿಲ್ಲ, ಕಮೋಡ್ ತುಂಬಿ ದೋಣಿಯೇ ತುಂಬುತ್ತದೆ. ಬಾಗನ್ನು ಪಂಪು ಮತ್ತು ಕಮೋಡ್‌ನ ಬಟ್ಟಲಿನ ನಡುವೆ ಹಾಕಿ. ಸೀಕಾಕ್ ಮತ್ತು ಪಂಪಿನ ನಡುವೆ ಹಾಕಿದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ. ದೋಣಿ ಎಷ್ಟೇ ವಾಲಿದರೂ ಬಾಗಿನ ತಲೆ ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಮೇಲಿರಬೇಕು. ನನ್ನ ಥರ ಎತ್ತರದ ಟ್ಯಾಂಕ್ ಇದ್ದರೆ ಹೊರಹೋಗುವ ಸಾಲಿಗೆ ಬೇರೆ ಬಾಗು ಬೇಡ, ಟ್ಯಾಂಕಿನ ಗಾಳಿ ಪೈಪೇ ಆ ಕೆಲಸ ಮಾಡುತ್ತದೆ. ಆದರೂ ಹಾಯಿ ಬಿಚ್ಚಿ ಹೊರಡುವ ಮುಂಚೆ ಸೀಕಾಕ್ ಮುಚ್ಚುವ ರೂಢಿ ಇರಲಿ.

ಟ್ಯಾಂಕ್ ಕೂರಿಸುವಾಗ ಅದರ ಪೂರ್ತಿ ತಳಕ್ಕೆ ಹಲಗೆಯ ಆಸರೆ ಕೊಡಿ. ದೋಣಿ 30 ಡಿಗ್ರಿ ವಾಲಿ, ಅಲೆಗೆ ಕುಕ್ಕರಿಸಿದಾಗಲೂ ಅಲುಗಬಾರದು. ಅಗಲ ಪಟ್ಟಿಗಳಿಂದ ಕಟ್ಟಿ. ತುಂಬಿದಾಗ ಪ್ಲಾಸ್ಟಿಕ್ ಸ್ವಲ್ಪ ಉಬ್ಬುತ್ತದೆ, ಅದಕ್ಕೆ ಪಕ್ಕದಲ್ಲಿ ಬೆರಳು ಹೋಗುವಷ್ಟು ಜಾಗ ಬಿಡಿ.

ಕಾನೂನು ಬಗ್ಗೆ ಕೇಳಿದ್ದೀರಿ. ಹಡಗುಗಳ ಕೊಳಕಿನ ಬಗ್ಗೆ ಇರುವ ಅಂತರರಾಷ್ಟ್ರೀಯ ನಿಯಮ, ಮಾರ್ಪೋಲ್‌ನ ನಾಲ್ಕನೇ ಅನುಬಂಧ, ದೇಶದಿಂದ ದೇಶಕ್ಕೆ ಓಡಾಡುವ, 400 ಗ್ರಾಸ್ ಟನ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದರ ಮೇಲಿನ ಅಥವಾ 15ಕ್ಕಿಂತ ಹೆಚ್ಚು ಜನರನ್ನು ಹೊರಲು ಪರವಾನಗಿ ಇರುವ ಹಡಗಿಗೆ. ಶುದ್ಧ ಮಾಡದ ಕೊಳಕನ್ನು ಅವು ದಡದಿಂದ 12 ನಾಟಿಕಲ್ ಮೈಲಿಯ ಆಚೆ ಮಾತ್ರ ಬಿಡಬಹುದು. ನಮ್ಮಂಥ ಚಿಕ್ಕ ದೋಣಿಗೆ ಆಯಾ ದೇಶದ ನಿಯಮ. ಅಮೆರಿಕದಲ್ಲಿ ಶುದ್ಧ ಮಾಡದ ಕೊಳಕನ್ನು 3 ನಾಟಿಕಲ್ ಮೈಲಿಯ ಒಳಗೆ ಬಿಡುವಂತಿಲ್ಲ. ನೀವು ಓಡಾಡುವ ನೀರಿನ ನಿಯಮ ನೋಡಿಕೊಂಡು, ಬಿಡಬಾರದ ಕಡೆ ಸೀಕಾಕಿನ ಹಿಡಿಗೆ ಕಟ್ಟು ಹಾಕಿಡಿ. ಡೆಕ್ ಮೇಲಿನ ಹೀರುವ ಬಾಯಿ ಮಾತ್ರ ಐಎಸ್ಒ 4567 ಎಂಬ ಅಂತರರಾಷ್ಟ್ರೀಯ ಅಳತೆಯದ್ದೇ ಇರಲಿ, ಬಂದರಿನ ಪಂಪಿನ ಮೂತಿ ಅದಕ್ಕೆ ಕೂರುತ್ತದೆ.

ಇಷ್ಟೆಲ್ಲ ಓದಿ ಬೇಡಪ್ಪಾ ಅನ್ನಿಸಿದರೆ ತಪ್ಪಿಲ್ಲ. ವಾರಾಂತ್ಯಕ್ಕೆ ಮಾತ್ರ ಹೋಗುವವರಿಗೆ ಕೈಯಲ್ಲಿ ಎತ್ತಿ ಒಯ್ಯುವ ಪೋರ್ಟಬಲ್ ಟಾಯ್ಲೆಟ್ ಸಾಕು, ಕೆಳಗಿನ ಡಬ್ಬ ಸುಮಾರು 20 ಲೀಟರ್. ದೋಣಿಗೆ ಒಂದು ತೂತೂ ಬೇಡ. ತುಂಬಿದ ಡಬ್ಬ ಹೊತ್ತು ಬಂದರಿನ ಜೆಟ್ಟಿಯ ಮೇಲೆ ನಡೆಯುವಾಗ ಯಾರೂ ನಿಂತು ಮಾತಾಡಿಸದಿದ್ದರೆ ಸರಿ.

ಜೋಡಣೆ ಮುಗಿದ ದಿನವೇ ಬಳಸಬೇಡಿ. ಬರೀ ಶುದ್ಧ ನೀರು ತುಂಬಿ, ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಯಾವ ಕಾಗದ ಒದ್ದೆಯೋ ಅಲ್ಲಿ ಕ್ಲಾಂಪ್ ಬಿಗಿ ಮಾಡಿ. ನನ್ನ ಎರಡನೇ ಜೋಡಣೆಯಲ್ಲೂ ಎರಡು ಕಾಗದ ಒದ್ದೆಯಾಗಿದ್ದವು. ಕಮೋಡ್‌ನ ಬಾಯಿ ನಿಮ್ಮ ಪೆನ್ಸಿಲ್ ಗೆರೆಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ, ಬೀರುವಿನ ಬಾಗಿಲು ಎಷ್ಟು ಅಗಲ ಎಂದು ಅಳೆದು ಬರೆಯಿರಿ. ಪೈಪಿನ ನಕ್ಷೆ ಹಾಕಿಕೊಡುತ್ತೇನೆ.