ಉತ್ತರ: ತೋಟದ ಆಫೀಸಿನ ಉಬುಂಟು ಕಂಪ್ಯೂಟರ್ ರಿಮೋಟಿನಲ್ಲಿ ಸಿಗದಿರುವುದು

ನಮಸ್ಕಾರ ಅಕ್ಕ. ನೀವು ಬರೆದದ್ದನ್ನು ಮೊದಲು ಒಂದು ಕಡೆ ಸೇರಿಸುತ್ತೇನೆ, ನಡುವೆ ಬಂದ ಕಾಮೆಂಟುಗಳಲ್ಲಿ ಪ್ರಶ್ನೆಯೇ ಕಳೆದುಹೋಗಿದೆ. ಸಿದ್ದಾಪುರದ ತೋಟದ ಆಫೀಸಿನಲ್ಲಿ ಉಬುಂಟು 22.04 ಹಾಕಿದ ಕಂಪ್ಯೂಟರ್, ಅದರಲ್ಲಿ ಎಕ್ಸ್‌ಆರ್‌ಡಿಪಿ (ದೂರದಿಂದ ಅದರ ಡೆಸ್ಕ್‌ಟಾಪ್ ತೆರೆಯಲು ಬಿಡುವ ಪ್ರೋಗ್ರಾಮ್). ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಮತ್ತು ಹಣ್ಣಿನ ತೂಕದ ಲೆಕ್ಕ ಲಿಬ್ರೆಆಫೀಸಿನಲ್ಲಿ. ತೋಟದ ವೈಫೈಯಲ್ಲೇ ಕೂತು ವಿಂಡೋಸ್ ಲ್ಯಾಪ್‌ಟಾಪಿನಿಂದ ರಿಮೋಟ್ ಡೆಸ್ಕ್‌ಟಾಪ್ ಹಾಕಿದರೆ ಪಾಸ್‌ವರ್ಡ್ ತೆಗೆದುಕೊಳ್ಳುತ್ತದೆ, ಕಪ್ಪು ಪರದೆ ಬರುತ್ತದೆ, ಕಟ್ಟಾಗುತ್ತದೆ. ಕೆಲವು ದಿನ ಮಾತ್ರ ಸರಿಯಾಗಿ ಬರುತ್ತದೆ. ಮೈಸೂರಿನ ಮನೆಯಿಂದಂತೂ ರೂಟರಿನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲಿನ ಅಂಕಿ) ತೆರೆದಿಟ್ಟರೂ ಬರೀ ಟೈಮ್‌ಔಟ್.

ಇವು ಎರಡು ಬೇರೆ ಬೇರೆ ತೊಂದರೆಗಳು. ಉಬುಂಟು ಮತ್ತೆ ಹಾಕಿಸಿ ಎಂದು ಮೇಲೆ ಒಬ್ಬರು ಹೇಳಿದ್ದಾರೆ, ದಯವಿಟ್ಟು ಬೇಡ. ಮತ್ತೆ ಹಾಕಿದರೂ ಎರಡೂ ಹಾಗೇ ಉಳಿಯುತ್ತವೆ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ, ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ.

ಯಾವ ಮೆಸೇಜ್ ಬಂತು ಎನ್ನುವುದನ್ನು ಸರಿಯಾಗಿ ಓದಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. "ಕನೆಕ್ಷನ್ ರೆಫ್ಯೂಸ್ಡ್" ಅಂದರೆ ಕಂಪ್ಯೂಟರ್ ಬದುಕಿದೆ, ನಿಮ್ಮ ಕೋರಿಕೆ ಅಲ್ಲಿಯವರೆಗೆ ಹೋಗಿದೆ, ಆದರೆ ಆ ಪೋರ್ಟಿನಲ್ಲಿ ಯಾವ ಪ್ರೋಗ್ರಾಮೂ ಕಾಯುತ್ತಿಲ್ಲ. "ಟೈಮ್‌ಔಟ್" ಅಂದರೆ ಉತ್ತರವೇ ಬರಲಿಲ್ಲ: ಕಂಪ್ಯೂಟರ್ ಆಫ್ ಆಗಿದೆ, ವಿಳಾಸ ಬದಲಾಗಿದೆ, ಫೈರ್‌ವಾಲ್ ನುಂಗಿದೆ ಅಥವಾ ದಾರಿಯೇ ಇಲ್ಲ. ಪಾಸ್‌ವರ್ಡ್ ಕೊಟ್ಟ ಮೇಲೆ ಕಪ್ಪು ಪರದೆ ಬಂದರೆ ನೆಟ್‌ವರ್ಕ್, ಪೋರ್ಟ್, ಪಾಸ್‌ವರ್ಡ್ ಮೂರೂ ಸರಿ ಇವೆ, ಕೆಟ್ಟಿರುವುದು ಒಳಗೆ ಡೆಸ್ಕ್‌ಟಾಪ್ ಶುರುವಾಗುವ ಜಾಗದಲ್ಲಿ. ಹಾಗಾಗಿ ಕಪ್ಪು ಪರದೆಗೆ ರೂಟರ್ ತಿರುಚುವುದರಿಂದ ಏನೂ ಆಗದು. ಪರೀಕ್ಷೆಯನ್ನೂ ಒಳಗಿನಿಂದ ಹೊರಕ್ಕೆ ಮಾಡಿ: ಮೊದಲು ಆ ಕಂಪ್ಯೂಟರಿನ ಮುಂದೆಯೇ ಕೂತು, ಆಮೇಲೆ ಅದೇ ವೈಫೈಯಿಂದ, ಕೊನೆಗೆ ಹೊರಗಿನಿಂದ.

ಆಫೀಸಿನ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು:

ಸುಡೊ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಕ್ಸ್‌ಆರ್‌ಡಿಪಿ ಎಕ್ಸ್‌ಆರ್‌ಡಿಪಿ-ಸೆಸ್‌ಮ್ಯಾನ್

ಎರಡೂ ಹಸಿರು "ಆಕ್ಟಿವ್" ತೋರಿಸಬೇಕು. ಮೊದಲನೆಯದು ಹೊರಗಿನ ಕೋರಿಕೆ ತೆಗೆದುಕೊಳ್ಳುತ್ತದೆ, ಎರಡನೆಯದು ಪಾಸ್‌ವರ್ಡ್ ನೋಡಿ ಡೆಸ್ಕ್‌ಟಾಪ್ ಎಬ್ಬಿಸುತ್ತದೆ. ಆಮೇಲೆ:

ಸುಡೊ ಎಸ್ಎಸ್ -ಟಿಎಲ್ಎನ್‌ಪಿ | ಗ್ರೆಪ್ 3389

ಸಾಲಿನ ಕೊನೆಯಲ್ಲಿ ಆ ಪೋರ್ಟನ್ನು ಹಿಡಿದಿರುವ ಪ್ರೋಗ್ರಾಮಿನ ಹೆಸರು ಬರುತ್ತದೆ. ಎಕ್ಸ್‌ಆರ್‌ಡಿಪಿ ಬದಲು ಗ್ನೋಮ್-ರಿಮೋಟ್ ಎಂದು ಕಂಡರೆ, ಸೆಟ್ಟಿಂಗ್ಸ್‌ನ ಶೇರಿಂಗ್ ಪುಟದಲ್ಲಿ ಉಬುಂಟುವಿನ ಸ್ವಂತ ರಿಮೋಟ್ ಡೆಸ್ಕ್‌ಟಾಪನ್ನು ಯಾರೋ ಆನ್ ಮಾಡಿದ್ದಾರೆ. ಎರಡಕ್ಕೂ ಬೇಕಾದ್ದು ಅದೇ 3389, ಮೊದಲು ಎದ್ದದ್ದು ಹಿಡಿದುಕೊಳ್ಳುತ್ತದೆ. ಒಂದನ್ನು ಆಫ್ ಮಾಡಿ. ನಿಮ್ಮ ಕೆಲಸಕ್ಕೆ ಎಕ್ಸ್‌ಆರ್‌ಡಿಪಿಯೇ ಇರಲಿ. ಸ್ವಂತದ್ದು 22.04ರಲ್ಲಿ ಆಗಲೇ ಲಾಗಿನ್ ಆಗಿರುವ ಪರದೆಯನ್ನು ಹಂಚುತ್ತದೆ ಅಷ್ಟೆ, ಕರೆಂಟ್ ಹೋಗಿ ಬಂದ ಮೇಲೆ ಯಾರೂ ಲಾಗಿನ್ ಆಗದಿದ್ದರೆ ಸಿಗುವುದೇ ಇಲ್ಲ.

ಈಗ ಕಪ್ಪು ಪರದೆ. ಲಾಗ್ (ನಡೆದದ್ದನ್ನು ಬರೆದಿಡುವ ಕಡತ) ಇರುವುದು /ವಿಎಆರ್/ಲಾಗ್/ ಫೋಲ್ಡರಿನಲ್ಲಿ, ಎಕ್ಸ್‌ಆರ್‌ಡಿಪಿ.ಲಾಗ್ ಮತ್ತು ಎಕ್ಸ್‌ಆರ್‌ಡಿಪಿ-ಸೆಸ್‌ಮ್ಯಾನ್.ಲಾಗ್. ಎರಡನೆಯದನ್ನು ಸುಡೊ ಟೇಲ್ -ಎಫ್ ಹಾಕಿ ತೆರೆದಿಟ್ಟುಕೊಂಡು, ಲ್ಯಾಪ್‌ಟಾಪಿನಿಂದ ಒಮ್ಮೆ ಕನೆಕ್ಟ್ ಮಾಡಿ. "ವಿಂಡೋ ಮ್ಯಾನೇಜರ್ ... ಎಕ್ಸಿಟೆಡ್ ಕ್ವಿಕ್ಲಿ" ಎನ್ನುವ ಸಾಲು ಬಂದರೆ ಡೆಸ್ಕ್‌ಟಾಪ್ ಎದ್ದ ಕ್ಷಣವೇ ಬಿದ್ದಿದೆ ಎಂದು ಅರ್ಥ.

"ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ" ಎಂದಿದ್ದೀರಲ್ಲ, ಕಾರಣದ ಸುಳಿವು ಅಲ್ಲೇ ಇದೆ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ಒಬ್ಬನೇ ಯೂಸರಿಗೆ ಒಂದೇ ಹೊತ್ತಿನಲ್ಲಿ ಎರಡು ಕಡೆ ಓಡುವುದಿಲ್ಲ. ರೈಟರು (ತೋಟದ ಗುಮಾಸ್ತರು) ಬೆಳಿಗ್ಗೆ ಆಫೀಸಿನಲ್ಲಿ ಲಾಗಿನ್ ಆಗಿ, ಸಂಜೆ ಲಾಗೌಟ್ ಮಾಡದೆ ಪರದೆ ಲಾಕ್ ಮಾಡಿ ಹೋದರೆ ಆ ಯೂಸರಿನ ಸೆಷನ್ ಅಲ್ಲಿ ಇನ್ನೂ ಜೀವಂತ. ಅದೇ ಹೆಸರಿನಲ್ಲಿ ನೀವು ಬಂದರೆ ಹೊಸ ಡೆಸ್ಕ್‌ಟಾಪ್ ಹಳೆಯದರ ಡಿ-ಬಸ್‌ಗೆ (ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡುವ ದಾರಿ) ತಗುಲಿಕೊಂಡು ಬೀಳುತ್ತದೆ. ಆಟೊ ಲಾಗಿನ್ ಆನ್ ಇದ್ದರೆ ಇನ್ನೂ ಕಷ್ಟ, ಕರೆಂಟ್ ಬಂದು ಕಂಪ್ಯೂಟರ್ ಎದ್ದ ಕೂಡಲೇ ಆ ಹೆಸರು ಒಳಗೆ ಕೂತಿರುತ್ತದೆ. ಅನುಮಾನ ಇದ್ದರೆ ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್ ಎಂದು ಹೊಡೆಯಿರಿ, ಯಾರು ಯಾವ ಸೀಟಿನಲ್ಲಿ ಇದ್ದಾರೆ ಎಂದು ಕಾಣುತ್ತದೆ.

ಇದಕ್ಕೆ ನೆಟ್ಟಿನಲ್ಲಿ ಹೆಚ್ಚಾಗಿ ಸಿಗುವ ಪರಿಹಾರ, /ಇಟಿಸಿ/ಎಕ್ಸ್‌ಆರ್‌ಡಿಪಿ/ಸ್ಟಾರ್ಟ್‌ಡಬ್ಲ್ಯುಎಂ.ಎಸ್ಎಚ್ ಕಡತದಲ್ಲಿ ಎಕ್ಸ್‌ಸೆಷನ್ ಕರೆಯುವ ಸಾಲುಗಳ ಮೇಲೆ ಈ ಎರಡು ಸೇರಿಸುವುದು:

ಅನ್‌ಸೆಟ್ ಡಿಬಸ್_ಸೆಷನ್_ಬಸ್_ಅಡ್ರೆಸ್
ಅನ್‌ಸೆಟ್ ಎಕ್ಸ್‌ಡಿಜಿ_ರನ್‌ಟೈಮ್_ಡಿಐಆರ್

ಎರಡನೆಯ ಪದ ಪೂರ್ತಿ ದೊಡ್ಡಕ್ಷರ. ಇದು ಕೆಲಸ ಮಾಡುತ್ತದೆ, ಆದರೆ ನನಗೆ ಇದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಒಂದೇ ಯೂಸರಿನ ಎರಡು ಡೆಸ್ಕ್‌ಟಾಪ್ ಒಂದೇ ಸೆಟ್ಟಿಂಗ್ಸ್ ಕಡತಗಳನ್ನು ಎಳೆದಾಡುತ್ತವೆ, ಬ್ರೌಸರ್ "ಆಗಲೇ ತೆರೆದಿದೆ" ಎನ್ನುತ್ತದೆ. ನಿಮ್ಮ ತೋಟಕ್ಕೆ ಸರಿಯಾದ್ದು ರಿಮೋಟಿಗೇ ಬೇರೆ ಯೂಸರ್ ಮಾಡುವುದು, ಅದಕ್ಕೆ ಗ್ನೋಮ್ ಬಿಟ್ಟು ಹಗುರವಾದ ಎಕ್ಸ್‌ಎಫ್‌ಸಿಇ ಕೊಡುವುದು.

ಸುಡೊ ಎಪಿಟಿ ಇನ್‌ಸ್ಟಾಲ್ ಎಕ್ಸ್‌ಎಫ್‌ಸಿಇ4 ಎಕ್ಸ್‌ಆರ್ಗ್‌ಎಕ್ಸ್‌ಆರ್‌ಡಿಪಿ
ಸುಡೊ ಆ್ಯಡ್‌ಯೂಸರ್ ಅಕ್ಕ

ಡಿಸ್‌ಪ್ಲೇ ಮ್ಯಾನೇಜರ್ (ಲಾಗಿನ್ ಪರದೆ ತೋರಿಸುವ ಪ್ರೋಗ್ರಾಮ್) ಯಾವುದು ಎಂದು ಕೇಳಿದರೆ ಜಿಡಿಎಂ3 ಅನ್ನೇ ಇಟ್ಟುಕೊಳ್ಳಿ, ಬದಲಾಯಿಸಬೇಡಿ. ಹೊಸ ಯೂಸರಿನ ಹೋಮ್ ಫೋಲ್ಡರಿನಲ್ಲಿ .ಎಕ್ಸ್‌ಸೆಷನ್ ಎಂಬ ಕಡತ ಮಾಡಿ (ಹೆಸರಿನ ಮುಂದಿನ ಚುಕ್ಕಿ ಮರೆಯಬೇಡಿ), ಒಳಗೆ ಒಂದೇ ಸಾಲು: ಎಕ್ಸ್‌ಎಫ್‌ಸಿಇ4-ಸೆಷನ್. ಕಡತದ ಮಾಲೀಕತ್ವ ಆ ಯೂಸರಿನದೇ ಇರಬೇಕು. ಸುಡೊ ಹಾಕಿ ಮಾಡಿದ್ದರೆ ರೂಟಿನ (ಕಂಪ್ಯೂಟರಿನ ಮುಖ್ಯ ಯೂಸರ್) ಹೆಸರಲ್ಲಿ ಕೂತಿರುತ್ತದೆ, ಸಿಎಚ್‌ಓನ್ ಮಾಡಿ ಬಿಡಿಸಿ. .ಎಕ್ಸ್‌ಅಥಾರಿಟಿ (ಎಕ್ಸ್ ದೊಡ್ಡಕ್ಷರ) ಕಡತ ರೂಟಿನ ಹೆಸರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೂ ಇದೇ ರೀತಿ ಪಾಸ್‌ವರ್ಡ್ ಸರಿ ಇದ್ದು ಹೊರಗೆ ಎಸೆಯುತ್ತದೆ. ಡಿಸ್ಕ್ ತುಂಬಿದ್ದರೂ ಅಷ್ಟೇ, ಒಮ್ಮೆ ಡಿಎಫ್ -ಎಚ್ ನೋಡಿ ಮುಂದೆ ಹೋಗಿ.

ಲೆಕ್ಕದ ಕಡತಗಳು ಇಬ್ಬರಿಗೂ ಸಿಗಬೇಕಲ್ಲ. ಸುಡೊ ಹಾಕಿ /ಎಸ್ಆರ್‌ವಿ/ತೋಟ ಎಂಬ ಫೋಲ್ಡರ್ ಮಾಡಿ, ಗ್ರೂಪ್‌ಆ್ಯಡ್ ಮಾಡಿ ತೋಟ ಎಂಬ ಗುಂಪು ತೆರೆದು, ಯೂಸರ್‌ಮಾಡ್ -ಎಜಿ ಮೂಲಕ (ಎ ಸಣ್ಣಕ್ಷರ, ಜಿ ದೊಡ್ಡಕ್ಷರ) ರೈಟರನ್ನೂ ನಿಮ್ಮನ್ನೂ ಅದಕ್ಕೆ ಸೇರಿಸಿ. ಫೋಲ್ಡರನ್ನು ಸಿಎಚ್‌ಜಿಆರ್‌ಪಿ ಮಾಡಿ ಆ ಗುಂಪಿಗೆ ಕೊಟ್ಟು, ಸಿಎಚ್‌ಮಾಡ್ 2770 ಹಾಕಿ. ಮುಂದಿನ ಆ 2 ಇದ್ದರೆ ಒಳಗೆ ಯಾರು ಹೊಸ ಕಡತ ಮಾಡಿದರೂ ಅದು ತೋಟದ ಗುಂಪಿನದೇ ಆಗುತ್ತದೆ. ಗುಂಪಿಗೆ ಸೇರಿಸಿದ್ದು ಲಾಗೌಟ್ ಮಾಡಿ ಮತ್ತೆ ಬಂದ ಮೇಲೆಯೇ ಜಾರಿಗೆ ಬರುತ್ತದೆ. ಇನ್ನೊಂದು ಮಾತು: ನೀವು ರಿಮೋಟನ್ನು ಮೇಲಿನ ಗುಣಿಸು ಗುರುತು ಒತ್ತಿ ಮುಚ್ಚಿದರೆ ಸೆಷನ್ ಸಾಯುವುದಿಲ್ಲ, ತೆರೆದಿಟ್ಟ ತೂಕದ ಹಾಳೆ ಅಲ್ಲೇ ತೆರೆದಿರುತ್ತದೆ. ಮರುದಿನ ರೈಟರು ತೆರೆದರೆ ಓದಲು ಮಾತ್ರ ಎನ್ನುತ್ತದೆ. ಹಣ್ಣು ಕುಯ್ಯುವ ಕಾಲದಲ್ಲಿ, ಕಣದ ಪಕ್ಕ ಚೀಲ ಸಾಲಾಗಿ ಕಾಯುತ್ತಿರುವಾಗ ಇದು ದೊಡ್ಡ ತಲೆನೋವು. ಕೆಲಸ ಮುಗಿದ ಮೇಲೆ ಮೆನುವಿನಿಂದ ಲಾಗೌಟ್ ಮಾಡುವುದನ್ನೇ ರೂಢಿ ಮಾಡಿಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಬಣ್ಣದ ಡೆಪ್ತ್ 16 ಬಿಟ್ ಇಟ್ಟಿದ್ದನ್ನು 32ಕ್ಕೆ ಬದಲಾಯಿಸಿದರೆ ಎಕ್ಸ್‌ಆರ್‌ಡಿಪಿ ಹಳೆಯ ಸೆಷನ್ ಬಿಟ್ಟು ಹೊಸದನ್ನು ತೆರೆಯುತ್ತದೆ. "ನಿನ್ನೆ ಬಿಟ್ಟ ಕೆಲಸ ಕಾಣುತ್ತಿಲ್ಲ" ಎಂಬ ದೂರಿಗೆ ಬಹುಪಾಲು ಇದೇ ಕಾರಣ, ಆದ್ದರಿಂದ ಒಂದೇ ಡೆಪ್ತ್ ಇಟ್ಟುಕೊಳ್ಳಿ.

ಲಾಗಿನಲ್ಲಿ ಎಸ್ಎಸ್ಎಲ್-ಸರ್ಟ್-ಸ್ನೇಕ್‌ಆಯಿಲ್.ಕೀ ಕಡತಕ್ಕೆ "ಪರ್ಮಿಷನ್ ಡಿನೈಡ್" ಎಂದಿದ್ದರೆ: ಸುಡೊ ಆ್ಯಡ್‌ಯೂಸರ್ ಎಕ್ಸ್‌ಆರ್‌ಡಿಪಿ ಎಸ್ಎಸ್ಎಲ್-ಸರ್ಟ್, ಆಮೇಲೆ ಎಕ್ಸ್‌ಆರ್‌ಡಿಪಿ ರೀಸ್ಟಾರ್ಟ್. ಹೊಸ ಯೂಸರಿಗೆ ಕನ್ನಡ ಟೈಪಿಂಗ್ ಬೇಕಿದ್ದರೆ ಐಬಸ್-ಎಂ17ಎನ್ ಹಾಕಿ, ಆ ಯೂಸರಿನಲ್ಲಿ ಐಎಂ-ಕಾನ್ಫಿಗ್ -ಎನ್ ಐಬಸ್ ಹೊಡೆದು ಲಾಗೌಟ್ ಮಾಡಿ ಬನ್ನಿ. ನುಡಿ ರೂಢಿ ಇದ್ದವರಿಗೆ ಪಟ್ಟಿಯಲ್ಲಿ ಕೆಜಿಪಿ ಇದೆ.

ಇನ್ನು ಮೈಸೂರಿನಿಂದ ಬರುವ ಟೈಮ್‌ಔಟ್. ರೂಟರಿನ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದು 10ರಿಂದ ಶುರುವಾಗಿದ್ದರೆ ಅಥವಾ 100.64ರಿಂದ 100.127ರ ಒಳಗಿದ್ದರೆ, ಇಲ್ಲವೇ "ನನ್ನ ಐಪಿ ಯಾವುದು" ಎಂದು ತೋರಿಸುವ ಸೈಟಿನ ಅಂಕಿಗೂ ಇದಕ್ಕೂ ತಾಳೆ ಆಗದಿದ್ದರೆ, ನೀವು ಕಂಪನಿಯ ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಹೊರವಿಳಾಸವನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚಿರುತ್ತದೆ. ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಕೋರಿಕೆ ನಿಮ್ಮ ರೂಟರಿನವರೆಗೆ ಬರುವುದೇ ಇಲ್ಲ. 4ಜಿ ಡಾಂಗಲಿನಲ್ಲೂ ಸಾಮಾನ್ಯವಾಗಿ ಇದೇ ಸ್ಥಿತಿ.

ಸಿಜಿನ್ಯಾಟ್ ಇರಲಿ ಬಿಡಲಿ, ಆ 3389 ಫಾರ್ವರ್ಡಿಂಗನ್ನು ಇವತ್ತೇ ತೆಗೆದುಹಾಕಿ. ಇಂಟರ್‌ನೆಟ್ಟಿಗೆ ಬರಿದಾಗಿ ತೆರೆದ 3389ಕ್ಕೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಮುಗಳು ಹಗಲುರಾತ್ರಿ ಬಡಿಯುತ್ತಲೇ ಇರುತ್ತವೆ, ಪೋರ್ಟಿನ ಅಂಕಿ ಬದಲಾಯಿಸಿದರೂ ಹುಡುಕಿಕೊಂಡು ಬರುತ್ತವೆ. ಆಳುಗಳ ಬ್ಯಾಂಕ್ ಖಾತೆ, ಆಧಾರ್ ಅಂಕಿ ಎಲ್ಲ ಇರುವ ಕಂಪ್ಯೂಟರ್ ಅದು.

ಬದಲಿಗೆ ವಿಪಿಎನ್, ಅಂದರೆ ಇಂಟರ್‌ನೆಟ್ಟಿನ ಮೇಲೆ ನಿಮ್ಮ ಕಂಪ್ಯೂಟರುಗಳಿಗೆ ಮಾತ್ರ ಇರುವ ಖಾಸಗಿ ದಾರಿ. ಸ್ವಂತ ವೈರ್‌ಗಾರ್ಡ್ (ಒಂದು ವಿಪಿಎನ್ ಪ್ರೋಗ್ರಾಮ್) ನಡೆಸಲು ಎಲ್ಲಾದರೂ ಒಂದು ಕಡೆ ಹೊರವಿಳಾಸ ಬೇಕು. ಅದಿಲ್ಲದವರಿಗೆ ಟೇಲ್‌ಸ್ಕೇಲ್ ಸುಲಭ, ಅದೂ ಒಳಗೆ ವೈರ್‌ಗಾರ್ಡನ್ನೇ ಬಳಸುತ್ತದೆ. ಎರಡೂ ಕಡೆಯ ಕಂಪ್ಯೂಟರ್ ಹೊರಕ್ಕೆ ಹೋಗಿ ಸೇರಿಕೊಳ್ಳುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಉಬುಂಟುವಿನಲ್ಲಿ ಹಾಕಿ ಸುಡೊ ಟೇಲ್‌ಸ್ಕೇಲ್ ಅಪ್, ಲ್ಯಾಪ್‌ಟಾಪಿನಲ್ಲಿ ಅದೇ ಖಾತೆಯಿಂದ ಲಾಗಿನ್. ಆಫೀಸಿನ ಕಂಪ್ಯೂಟರಿಗೆ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ, ಅದನ್ನೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕೊಡಿ. ತುಂಬಾ ಜನ ಮರೆಯುವುದು ಮುಂದಿನ ಹೆಜ್ಜೆ: ಅದರ ಅಡ್ಮಿನ್ ಪುಟದಲ್ಲಿ ಆಫೀಸಿನ ಕಂಪ್ಯೂಟರಿನ "ಕೀ ಎಕ್ಸ್‌ಪೈರಿ"ಯನ್ನು ಡಿಸೇಬಲ್ ಮಾಡಿ. ಮಾಡದಿದ್ದರೆ 180 ದಿನಕ್ಕೆ ಕೀ ಮುಗಿದು ಕಂಪ್ಯೂಟರ್ ಹೊರಗಾಗುತ್ತದೆ. ಈಗ ಹಾಕಿದ್ದು ಆರು ತಿಂಗಳಾದ ಮೇಲೆ, ತೋಟದಲ್ಲಿ ಯಾರೂ ಇಲ್ಲದ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

ಫೈರ್‌ವಾಲಿನಲ್ಲಿ ಮೊದಲು ಸುಡೊ ಯುಎಫ್‌ಡಬ್ಲ್ಯು ಅಲೋ ಎಸ್ಎಸ್ಎಚ್. ಎಸ್ಎಸ್ಎಚ್ ಅಂದರೆ ದೂರದಿಂದ ಟರ್ಮಿನಲ್ ತೆರೆಯುವ ದಾರಿ. ಇದನ್ನು ಬಿಟ್ಟು ಎನೇಬಲ್ ಮಾಡಿದರೆ ದೂರದಿಂದ ಕೂತವರು ತಮ್ಮನ್ನೇ ಹೊರಗೆ ಹಾಕಿಕೊಳ್ಳುತ್ತಾರೆ. ಆಮೇಲೆ:

ಸುಡೊ ಯುಎಫ್‌ಡಬ್ಲ್ಯು ಅಲೋ ಇನ್ ಆನ್ ಟೇಲ್‌ಸ್ಕೇಲ್0 ಟು ಎನಿ ಪೋರ್ಟ್ 3389 ಪ್ರೋಟೊ ಟಿಸಿಪಿ

ಹಳೆಯ "ಅಲೋ 3389" ನಿಯಮ ಇದ್ದರೆ ಡಿಲೀಟ್ ಮಾಡಿ. ವಿಂಡೋಸಿನಿಂದ ಪರೀಕ್ಷೆಗೆ ಪವರ್‌ಶೆಲ್ಲಿನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ವಿಳಾಸ, ಆಮೇಲೆ -ಪೋರ್ಟ್ 3389. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ದಾರಿ ತೆರೆದಿದೆ.

ಸ್ವಂತ ವೈರ್‌ಗಾರ್ಡ್ ಹಾಕಿಕೊಂಡವರಿಗೆ ಒಂದು ವಿಚಿತ್ರ ಎದುರಾಗಬಹುದು: ಪಿಂಗ್ ಬರುತ್ತದೆ, ಎಸ್ಎಸ್ಎಚ್ ಬರುತ್ತದೆ, ರಿಮೋಟ್ ಮಾತ್ರ ಲಾಗಿನ್ ಆದ ಕೂಡಲೇ ಹೆಪ್ಪುಗಟ್ಟುತ್ತದೆ. ಸಣ್ಣ ಪ್ಯಾಕೆಟ್ ದಾಟುತ್ತವೆ, ಪರದೆಯ ಚಿತ್ರ ಹೊತ್ತ ದೊಡ್ಡವು ದಾರಿಯಲ್ಲಿ ಬೀಳುತ್ತವೆ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ, ಕಾರಣ ಇದೇ ಆಗಿದ್ದರೆ ಆ ಕ್ಷಣವೇ ಸರಿಹೋಗುತ್ತದೆ.

ಕೊನೆಯದಾಗಿ ಮಳೆಗಾಲ. ಮರ ಬಿದ್ದು ಫೈಬರ್ ತುಂಡಾದರೆ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬಾರದು, ಆದರೆ ಅದು ಗೊತ್ತಾಗಲು ಮೈಸೂರಿನಿಂದ ಓಡಿ ಬರಬೇಕಿಲ್ಲ. ರೈಟರಿಗೆ ಫೋನ್ ಮಾಡಿ ಫೈಬರ್ ಪೆಟ್ಟಿಗೆಯ ದೀಪ ಕೇಳಿ: "ಎಲ್ಒಎಸ್" ಎಂದು ಬರೆದ ಕಡೆ ಕೆಂಪು ಇದ್ದರೆ ಲೈನ್ ಹೋಗಿದೆ, ಕಂಪ್ಲೇಂಟ್ ಕೊಡಿ. ದೀಪವೇ ಇಲ್ಲದಿದ್ದರೆ ಆ ಪೆಟ್ಟಿಗೆಗೆ ಕರೆಂಟ್ ಇಲ್ಲ. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ರೂಟರ್, ಫೈಬರ್ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಹಾಕಿರುವ ಆಫೀಸುಗಳು ತುಂಬಾ ಇವೆ. ಮೂರೂ ಯುಪಿಎಸ್ಸಿನಲ್ಲೇ ಇರಬೇಕು. ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟ) "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಎನ್ನುವುದನ್ನು ಪವರ್ ಆನ್ ಮಾಡಿ, ಕರೆಂಟ್ ಬಂದ ಕೂಡಲೇ ತಾನೇ ಏಳುತ್ತದೆ. ನಿದ್ದೆ ಹೋಗದ ಹಾಗೆ ಸುಡೊ ಸಿಸ್ಟಮ್‌ಸಿಟಿಎಲ್ ಮಾಸ್ಕ್ ಸ್ಲೀಪ್.ಟಾರ್ಗೆಟ್ ಸಸ್ಪೆಂಡ್.ಟಾರ್ಗೆಟ್ ಹೈಬರ್‌ನೇಟ್.ಟಾರ್ಗೆಟ್ ಹೈಬ್ರಿಡ್-ಸ್ಲೀಪ್.ಟಾರ್ಗೆಟ್. ಕಂಪ್ಯೂಟರ್ ಹಳೆಯದಾಗಿದ್ದು ಎದ್ದಾಗಲೆಲ್ಲ ತಾರೀಖು ತಪ್ಪು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಾಯಿಸಿ. ಗಡಿಯಾರ ಹಿಂದೆ ಬಿದ್ದರೆ ಸರ್ಟಿಫಿಕೇಟ್ ತಾಳೆ ಆಗದೆ ಟೇಲ್‌ಸ್ಕೇಲ್ ಮೇಲೇಳದೆ ಇರಬಹುದು, ಸೆಲ್ ಹೋದರೆ ಬಯಾಸ್ ಸೆಟ್ಟಿಂಗೂ ಅಳಿಸಿಹೋಗುತ್ತದೆ.

ಇಷ್ಟು ಮಾಡಿಯೂ ಕಪ್ಪು ಪರದೆ ಉಳಿದರೆ ಸೆಸ್‌ಮ್ಯಾನ್ ಲಾಗಿನ ಕೊನೆಯ 30 ಸಾಲು ಮತ್ತು ಆ ಯೂಸರಿನ ಹೋಮಿನಲ್ಲಿರುವ .ಎಕ್ಸ್‌ಸೆಷನ್-ಎರರ್ಸ್ ಕಡತವನ್ನು ಇಲ್ಲೇ ಹಾಕಿ. ಹಾಕುವ ಮುನ್ನ ಯೂಸರ್ ಹೆಸರು, ಐಪಿ ವಿಳಾಸ ಅಳಿಸಿಬಿಡಿ.