ಪೆಟ್ರೋಲಿಗೆ ಪಿಎಚ್ ಎಷ್ಟು?

ಪ್ರಶ್ನೆ: ನಮ್ಮ ಹಳೆಯ ಬೈಕು ಮಳೆಗಾಲ ಪೂರ್ತಿ ನಿಂತೇ ಇತ್ತು. ಈಗ ಕಾರ್ಬ್ಯುರೇಟರ್ ಬಿಚ್ಚಿಸಿದರೆ ಒಳಗೆಲ್ಲ ಬಿಳಿ ಪುಡಿ. ‘ಪೆಟ್ರೋಲ್ ಆ್ಯಸಿಡ್ ಆಗಿದೆ, ಪಿಎಚ್ ಇಳಿದಿದೆ’ ಎಂದರು ಮೆಕ್ಯಾನಿಕ್. ಹೊಲದ ಮಣ್ಣು ನೋಡಲು ತಂದಿದ್ದ ಪಿಎಚ್ ಪೇಪರನ್ನು ಪೆಟ್ರೋಲಿನಲ್ಲಿ ಅದ್ದಿದೆ. ಬಣ್ಣ ಬದಲಾಗಲೇ ಇಲ್ಲ. ಹಾಗಾದರೆ ಪೆಟ್ರೋಲಿನ ಪಿಎಚ್ 7 ಅಂತಲೇ?
– ಓದುಗರು, ಜಮಖಂಡಿ

ಉತ್ತರ: ಅಲ್ಲ. ಪಿಎಚ್ ಎಂದರೆ ಹುಳಿ, ಕ್ಷಾರದ ಅಳತೆ; 7 ಎಂದರೆ ಎರಡರ ನಡು. 7 ಇದ್ದಿದ್ದರೆ ಪೇಪರ್ ಹಸಿರಾಗಬೇಕಿತ್ತು. ಪೆಟ್ಟಿಗೆಯಿಂದ ತೆಗೆದಾಗ ಅದು ಸಾಮಾನ್ಯವಾಗಿ ಹಳದಿ ಇರುತ್ತದೆ. ಹಳದಿಯಾಗಿಯೇ ಉಳಿಯಿತು ಎಂದರೆ ಅದು ಉತ್ತರವನ್ನೇ ಕೊಟ್ಟಿಲ್ಲ.

ನಾನು ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ದುಡಿದವನು. ಕಬ್ಬು ನುರಿಯುವ ಸೀಸನ್ನಿನಲ್ಲಿ ಪಿಎಚ್ ಮೀಟರಿಗೆ ಬಿಡುವೇ ಇರುತ್ತಿರಲಿಲ್ಲ. ತಾಜಾ ಕಬ್ಬಿನ ಹಾಲು 5.2ರಿಂದ 5.5ರ ಆಸುಪಾಸು. ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ 7ರ ಹತ್ತಿರ ತರಬೇಕು. ಸ್ವಲ್ಪ ತಪ್ಪಿದರೂ ಸಕ್ಕರೆ ಕೈಬಿಡುತ್ತದೆ. ಅಲ್ಲಿ ಪಿಎಚ್‌ಗೆ ಅರ್ಥವಿದೆ, ಯಾಕೆಂದರೆ ಕಬ್ಬಿನ ಹಾಲಿನಲ್ಲಿ ಬಹುಪಾಲು ನೀರೇ.

ಈ ಅಳತೆಯನ್ನು 1909ರಲ್ಲಿ ಕೊಟ್ಟವರು ಸೋರೆನ್‌ಸೆನ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದವರು, ಅಂದರೆ ಬಿಯರ್ ಕಂಪನಿಯ ಲ್ಯಾಬು. ನೀರಿನಲ್ಲಿ ಹುಳಿ ತರುವ ಹೈಡ್ರೋಜನ್ ಅಯಾನು (ವಿದ್ಯುದಂಶ ಹೊತ್ತ ಕಣ) ಎಷ್ಟಿದೆ ಎಂದು ಹೇಳುವುದೇ ಪಿಎಚ್. ಶುದ್ಧ ನೀರಿನಲ್ಲಿ ಲೀಟರಿಗೆ ಒಂದು ಮೋಲ್‌ನ (ಕಣಗಳನ್ನು ಎಣಿಸುವ ಮಾನ) ಕೋಟಿಯಲ್ಲೊಂದು ಭಾಗ. ಒಂದರ ಮುಂದೆ ಏಳು ಸೊನ್ನೆ ಬರೆದರೆ ಕೋಟಿ ಅಲ್ವಾ? ಆ ಏಳೇ ಈ 7. ಒಂದಂಕಿ ಕೆಳಗಿಳಿದರೆ ಹುಳಿ ಹತ್ತು ಪಟ್ಟು.

ಪೆಟ್ರೋಲಿನ ಕಥೆ ಬೇರೆ. ಅದು ಮುಖ್ಯವಾಗಿ ಕಾರ್ಬನ್, ಹೈಡ್ರೋಜನ್ ಸೇರಿದ ಎಣ್ಣೆ. ಧನ, ಋಣ ಅಯಾನುಗಳನ್ನು ಬಿಡಿಸಿ ಬೇರೆಬೇರೆ ಇಡುವ ಶಕ್ತಿ ನೀರಿಗೆ 80 ಎಂದಿಟ್ಟುಕೊಂಡರೆ ಪೆಟ್ರೋಲಿಗೆ ಸುಮಾರು 2. ಅಯಾನು ಹುಟ್ಟುವುದೇ ಇಲ್ಲ ಎನ್ನಬಹುದು. ಅದರ ಪಿಎಚ್ ಕೇಳುವುದು ತಕ್ಕಡಿಯಲ್ಲಿ ಜ್ವರ ತೂಗಿದ ಹಾಗೆ. ಮೀಟರ್ ಅದ್ದಿದರೂ ಅಂಕಿ ಸುಮ್ನೆ ಅತ್ತಿತ್ತ ಓಡಾಡುತ್ತದೆ. ಜೊತೆಗೆ ಮೀಟರಿನ ಎಲೆಕ್ಟ್ರೋಡಿನ (ಅದ್ದುವ ಕಡ್ಡಿಯ) ತುದಿಯ ಗಾಜಿನ ಗುಂಡಿನ ತೇವ ಹೋಗಿ ಅದು ಕೆಡುತ್ತದೆ. ಲ್ಯಾಬಿನಲ್ಲಿ ಹಾಗೆ ಮಾಡಿದವರಿಗೆ ಬೈಗುಳ ಖಾಯಂ.

ಹಾಗಂತ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಪೆಟ್ರೋಲಿನಲ್ಲಿ ಆಮ್ಲ ಇರಬಹುದು. ಬಹಳ ದಿನ ಇಟ್ಟರೆ ಗಾಳಿ ತಾಗಿ ಅಂಟು, ಸಣ್ಣಪುಟ್ಟ ಆಮ್ಲ ಎರಡೂ ಆಗುತ್ತವೆ. ಅದನ್ನು ಹಿಡಿಯುವ ದಾರಿ ಬೇರೆ. ಇಂಧನವನ್ನು ನೀರಿನ ಜೊತೆ ಕುಲುಕಿ, ಆ ನೀರು ಹುಳಿಯಾಯಿತೇ ಎಂದು ನೋಡುತ್ತಾರೆ. ಒಂದು ಗ್ರಾಂ ಎಣ್ಣೆಯ ಆಮ್ಲ ತೀರಿಸಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೇಕು ಎಂದು ಅಳೆಯುವುದೂ ಉಂಟು. ನನಗೆ ಇಷ್ಟವಾದದ್ದು ತಾಮ್ರದ ಪಟ್ಟಿಯ ಪರೀಕ್ಷೆ. ಹೊಳೆಯುವಂತೆ ಉಜ್ಜಿದ ತಾಮ್ರವನ್ನು 50 ಡಿಗ್ರಿ ಬಿಸಿಯ ಪೆಟ್ರೋಲಿನಲ್ಲಿ 3 ಗಂಟೆ ಮುಳುಗಿಸಿಟ್ಟು, ಎಷ್ಟು ಕಪ್ಪಾಯಿತು ಎಂದು ನೋಡುವುದು. ಅದು ಮುಖ್ಯವಾಗಿ ಲೋಹ ತಿನ್ನುವ ಗಂಧಕವನ್ನು ಬಯಲು ಮಾಡುತ್ತದೆ.

ಆದರೆ ನಿಮ್ಮ ಬೈಕಿನ ವಿಷಯದಲ್ಲಿ ನನ್ನ ಅನುಮಾನ ನೀರಿನ ಮೇಲೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಎಂಬ ಮದ್ಯಸಾರ ಇದೆ, ಶೇ 20ರವರೆಗೆ. ನಮ್ಮ ಕಡೆಯ ಕಬ್ಬಿನಿಂದಲೂ ಬರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲ, ಅರ್ಧ ಖಾಲಿ ಟ್ಯಾಂಕು, ಮುಚ್ಚಳದಲ್ಲಿ ಸಂದು. ನೀರು ಮಿತಿ ಮೀರಿದರೆ ಎಥೆನಾಲನ್ನೂ ಕರೆದುಕೊಂಡು ತಳಕ್ಕೆ ಇಳಿಯುತ್ತದೆ. ಕಾರ್ಬ್ಯುರೇಟರಿನ ಸತು, ಅಲ್ಯುಮಿನಿಯಂ ಅದರಲ್ಲೇ ನೆನೆದರೆ ಬಿಳಿ ಪುಡಿ ಬರುತ್ತದೆ.

ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ. (ಬಾಯಿ ಹಚ್ಚಿ ಎಳೆಯಬೇಡಿ, ಬೀಡಿ ದೂರವಿರಲಿ.) ಎರಡು ಪದರ ಕಂಡರೆ ಕೆಳಗಿನದಕ್ಕೆ ನಿಮ್ಮ ಪೇಪರ್ ತಾಗಿಸಿ. ಈಗ ಬಣ್ಣ ಬದಲಾಗಬಹುದು. ಎಥೆನಾಲ್ ಜಾಸ್ತಿ ಇರುವುದರಿಂದ ಅಂಕಿಯನ್ನು ನಂಬಬೇಡಿ, ಅಂದಾಜು ಅಷ್ಟೇ.

ಪ್ರಶ್ನೆ: ಹಾಗಾದರೆ ಎಥೆನಾಲಿಗೆ ಪಿಎಚ್ ಇದೆಯೇ?
– ಓದುಗರು, ಗೋಕಾಕ

ಉತ್ತರ: ಅದರದ್ದೇ ಒಂದು ಅಳತೆ ಇದೆ, ಪಿಎಚ್‌ಇ ಅಂತ. ಮೀಟರ್ ಅದ್ದಿ 30ನೇ ಸೆಕೆಂಡಿಗೆ ತೋರಿದ ಅಂಕಿಯನ್ನೇ ಬರೆದುಕೊಳ್ಳುತ್ತಾರೆ. ಆಮೇಲೂ ಅದು ಸರಿಯುತ್ತಲೇ ಇರುತ್ತದೆ, ಅದಕ್ಕೇ ಈ ಕಟ್ಟುಪಾಡು. ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆ ಅಮೆರಿಕದ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆ ಬಹುಕಾಲ ಇಟ್ಟಿದ್ದ ಮಿತಿ 6.5ರಿಂದ 9. ನೀರಿನ ಪಿಎಚ್ ಜೊತೆ ಇದನ್ನು ಹೋಲಿಸಲು ಬರುವುದಿಲ್ಲ.