ಒಂಟೆ ಕಟ್ಟಿದ ಮೇಲಿನ ಭರವಸೆ

ಇಸ್ಲಾಮಿನ ಮೂಲ ನಂಬಿಕೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನಿವೃತ್ತ ಗಣಿತ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರ ಇದು: “ದೇವರು, ದೇವಚರರು (ದೇವದೂತರು), ಗ್ರಂಥಗಳು, ಪ್ರವಾದಿಗಳು, ಅಂತ್ಯದಿನ, ವಿಧಿ ಎಂದು ಆರು ನಂಬಿಕೆಗಳ ಪಟ್ಟಿ ಕೊಟ್ಟಿದ್ದೀರಿ. ಪಟ್ಟಿ ಬಾಯಿಪಾಠವಾಗುತ್ತದೆ, ಬದುಕಿಗೇನು ಮಾಡುತ್ತದೆ? ಅದರಲ್ಲೂ ಆ ಆರನೆಯದು. ಎಲ್ಲವೂ ಮೊದಲೇ ಬರೆದಿಟ್ಟಿದೆ ಎಂದು ನಂಬಿದವನು ಕೈಕಟ್ಟಿ ಕೂರದೆ ಇನ್ನೇನು ಮಾಡಿಯಾನು? ‘ಇನ್‌ಶಾ ಅಲ್ಲಾಹ್’ (ಅಲ್ಲಾಹ್ ಬಯಸಿದರೆ) ಎನ್ನುವುದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಸಭ್ಯ ಮಾತಲ್ಲವೇ?”

ಸಂಪಾದಕರ ಉತ್ತರ:

ಮೇಷ್ಟ್ರೇ, ಪಟ್ಟಿಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ವಿಧಿಯ ಹೆಸರಿನಲ್ಲಿ ಸೋಮಾರಿತನ ಮುಚ್ಚಿಕೊಳ್ಳುವವರು ಇದ್ದಾರೆಂಬುದೂ ನಿಜ. ಅಂಥವರು ಯಾವ ಮತದಲ್ಲಿಲ್ಲ? ಆದರೆ ಅವರನ್ನು ನೋಡಿ ನೀವು ನಂಬಿಕೆಯನ್ನೇ ಅಳೆದುಬಿಟ್ಟಿರಿ. ಲೆಕ್ಕ ತಪ್ಪು ಮಾಡಿದ ವಿದ್ಯಾರ್ಥಿಯನ್ನು ನೋಡಿ ಗಣಿತವೇ ತಪ್ಪು ಎಂದವನನ್ನು ನೀವು ತರಗತಿಯಲ್ಲಿ ಸುಮ್ಮನೆ ಬಿಡುತ್ತಿದ್ದಿರಾ?

ಆ ಆರರ ಪಟ್ಟಿ ಎಲ್ಲಿಂದ ಬಂತು ಎಂಬುದನ್ನು ಲೇಖನದಲ್ಲೇ ಹೇಳಬೇಕಿತ್ತು, ಹೇಳದ್ದು ನಮ್ಮ ತಪ್ಪು. ಪ್ರವಾದಿಯ ಸಂಗಾತಿಯಾಗಿದ್ದು ಮುಂದೆ ಖಲೀಫರಾದ ಉಮರ್ ಹೇಳಿದ ಪ್ರಸಂಗವೊಂದು ‘ಸಹೀಹ್ ಮುಸ್ಲಿಮ್’ ಎಂಬ ಹದೀಸ್ ಸಂಗ್ರಹದಲ್ಲಿದೆ; ಹದೀಸ್ ಎಂದರೆ ಪ್ರವಾದಿಯ ನಡೆನುಡಿಗಳ ವರದಿ. ಪ್ರವಾದಿ ಮುಹಮ್ಮದರ ಸಭೆಗೆ ಒಬ್ಬ ಅಪರಿಚಿತ ಬರುತ್ತಾನೆ. ಅಚ್ಚ ಬಿಳಿಯ ಬಟ್ಟೆ, ಕಡುಕಪ್ಪು ಕೂದಲು, ಪ್ರಯಾಣದ ಗುರುತು ಮೈಮೇಲೆ ಎಲ್ಲೂ ಇಲ್ಲ. ಪ್ರವಾದಿಯ ಮಂಡಿಗೆ ಮಂಡಿ ತಾಗಿಸಿ ಕೂತು, ಇಸ್ಲಾಮ್ ಎಂದರೇನು, ಈಮಾನ್ (ನಂಬಿಕೆ) ಎಂದರೇನು ಎಂದು ಕೇಳುತ್ತಾನೆ. ಈಮಾನ್ ಬಗೆಗಿನ ಪ್ರಶ್ನೆಗೆ ಬಂದ ಉತ್ತರವೇ ಈ ಆರು. ಆದರೆ ಅವನು ಅಲ್ಲಿಗೇ ನಿಲ್ಲಿಸುವುದಿಲ್ಲ, ಇಹ್ಸಾನ್ ಎಂದರೇನು ಎಂದೂ ಕೇಳುತ್ತಾನೆ. “ದೇವರನ್ನು ಕಣ್ಣಾರೆ ಕಾಣುತ್ತಿದ್ದೀಯೆ ಎಂಬಂತೆ ಆರಾಧಿಸುವುದು; ನೀನು ಅವನನ್ನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ” ಎಂಬುದು ಅದಕ್ಕೆ ಸಿಕ್ಕ ಉತ್ತರ. ಬಂದು ಹೋದವನು ದೇವಚರ ಜಿಬ್ರೀಲ್ ಎಂದು ಪ್ರವಾದಿ ಆಮೇಲೆ ತಿಳಿಸುತ್ತಾರೆ. ಪಠ್ಯಪುಸ್ತಕಗಳು ಆರನ್ನು ಉಳಿಸಿಕೊಂಡು ಈ ಮೂರನೆಯ ಪ್ರಶ್ನೆಯನ್ನು ಬಿಟ್ಟುಬಿಡುತ್ತವೆ. ಬದುಕಿಗೆ ಏನು ಮಾಡುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ.

ನಾನು ಆ ಮತದಲ್ಲಿ ಹುಟ್ಟಿದವನಲ್ಲ. ಇಹ್ಸಾನ್ ಎಂಬ ಪದ ಕಿವಿಗೆ ಬೀಳುವ ಎಷ್ಟೋ ವರ್ಷ ಮೊದಲು ಅದನ್ನು ಕಣ್ಣಲ್ಲಿ ಕಂಡಿದ್ದೆ. ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆಗಳನ್ನು ಕೈಯಲ್ಲೇ ಜೋಡಿಸುತ್ತಿದ್ದ ಕಾಲ. ನಮ್ಮ ಜೊತೆ ಹಿರಿಯರೊಬ್ಬರು ಮೊಳೆ ಜೋಡಿಸುತ್ತಿದ್ದರು. ಒಂದು ರಾತ್ರಿ ಪುಟ ಕಟ್ಟಿ ಮುಗಿದ ಮೇಲೆ ಯಾವುದೋ ಮೂಲೆಯ ಜಾಹೀರಾತಿನಲ್ಲಿ ಒಂದಕ್ಷರ ತಲೆಕೆಳಗಾಗಿರುವುದು ಅವರ ಕಣ್ಣಿಗೆ ಬಿತ್ತು. ನಿದ್ದೆಗೆಟ್ಟಿದ್ದ ನಾನು “ಬಿಡಿ ಸಾಹೇಬ್ರೇ, ಯಾರೂ ನೋಡಲ್ಲ” ಎಂದೆ. ಅವರು ಎಡ ಹೆಗಲು ಮುಟ್ಟಿದರು, ಬಲ ಹೆಗಲು ಮುಟ್ಟಿದರು. “ಇಬ್ಬರು ನೋಡ್ತಾ ಇದ್ದಾರಲ್ಲಪ್ಪ” ಎಂದು ಪುಟ ಬಿಚ್ಚಿ ಕೂತರು. ಪ್ರತಿಯೊಬ್ಬರ ಕೆಲಸವನ್ನೂ ಬರೆದಿಡುವ ದೇವಚರರಿದ್ದಾರೆ ಎಂಬ ನಂಬಿಕೆ ಅದು. ಕುರ್‌ಆನ್ ಅವರನ್ನು ‘ಗೌರವಾನ್ವಿತ ಬರಹಗಾರರು’ ಎಂದು ಕರೆಯುತ್ತದೆ. ಪಟ್ಟಿಯಲ್ಲಿ ಎರಡನೆಯದಾಗಿ ಬರುವ ದೇವಚರರು ಮೋಡದ ಮೇಲಿರುವ ರೆಕ್ಕೆಯ ಜೀವಿಗಳೆಂದು ನೀವು ಅಂದುಕೊಂಡಿರಬಹುದು. ಆ ರಾತ್ರಿ ಒಂದಕ್ಷರವನ್ನು ನೆಟ್ಟಗೆ ನಿಲ್ಲಿಸಿದ್ದು ಅವರೇ.

ಈಗ ನಿಮ್ಮನ್ನು ಕಾಡಿದ ವಿಧಿಗೆ ಬರೋಣ. ಒಂಟೆಯನ್ನು ಕಟ್ಟಿ ದೇವರ ಮೇಲೆ ಭರವಸೆ ಇಡಲೋ, ಕಟ್ಟದೆಯೇ ಇಡಲೋ ಎಂದು ಒಬ್ಬಾತ ಪ್ರವಾದಿಯನ್ನು ಕೇಳಿದ. “ಕಟ್ಟು, ಆಮೇಲೆ ಭರವಸೆ ಇಡು” ಎಂದರು. ತಿರ್ಮಿದಿ ಸಂಗ್ರಹದಲ್ಲಿರುವ ಈ ಪುಟ್ಟ ಮಾತು ಹೆಚ್ಚಿನವರಿಗೆ ಗೊತ್ತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಸಿರಿಯಾದ ದಾರಿಯಲ್ಲಿದ್ದ ಸರ್ಗ್ ಎಂಬ ಊರಿನಲ್ಲಿ ನಡೆದದ್ದು. 638–39ರ ಸುಮಾರಿಗೆ ಖಲೀಫ ಉಮರ್ ಮದೀನಾದಿಂದ ಸಿರಿಯಾದ ಕಡೆ ಹೊರಟಿದ್ದರು. ಸರ್ಗ್ ತಲುಪಿದಾಗ ಸಿರಿಯಾದಲ್ಲಿ ಪ್ಲೇಗ್ ಎದ್ದಿದೆ ಎಂಬ ಸುದ್ದಿ ಬಂತು. ಉಮರ್ ಒಬ್ಬರೇ ತೀರ್ಮಾನಿಸಲಿಲ್ಲ. ಮೊದಲು ಮುಹಾಜಿರರನ್ನು (ಮಕ್ಕಾದಿಂದ ವಲಸೆ ಬಂದವರು), ಆಮೇಲೆ ಅನ್ಸಾರರನ್ನು (ಅವರಿಗೆ ನೆರವಾದ ಮದೀನಾದವರು) ಕರೆಸಿ ಕೇಳಿದರು, ಎರಡು ಕಡೆಯೂ ಒಮ್ಮತ ಬರಲಿಲ್ಲ. ಕೊನೆಗೆ ಮಕ್ಕಾದ ಕುರೈಷ್ ಕುಲದ ಹಿರಿಯರನ್ನು ಕೇಳಿದರು. ಜನರನ್ನು ಕರೆದುಕೊಂಡು ಹಿಂತಿರುಗಿ ಎಂದು ಅವರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಹಿಂತಿರುಗುವುದೆಂದಾಗ ಸೇನಾಪತಿ ಅಬೂ ಉಬೈದಾ ಕೇಳಿದ್ದು ಥೇಟ್ ನಿಮ್ಮ ಪ್ರಶ್ನೆಯನ್ನೇ: “ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ?” ಉಮರರಿಗೆ ಆ ಮಾತು ನೋವು ಮಾಡಿತು, ನಿನ್ನ ಬದಲು ಬೇರೆ ಯಾರಾದರೂ ಇದನ್ನು ಕೇಳಿದ್ದರೆ ಆಗುತ್ತಿತ್ತು ಎಂದರು. ಆಮೇಲೆ ಹೇಳಿದರು: “ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಓಡುತ್ತಿದ್ದೇವೆ. ನಿನ್ನ ಒಂಟೆಗಳು ಕಣಿವೆಗಿಳಿದಾಗ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ, ಹಸಿರಲ್ಲಿ ಮೇಯಿಸಿದರೂ ವಿಧಿಯೇ, ಬರಡಲ್ಲಿ ಮೇಯಿಸಿದರೂ ವಿಧಿಯೇ ಅಲ್ಲವೇ?”

ಇದನ್ನು ಓದಿದಾಗಲೆಲ್ಲ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಆಯ್ಕೆಯ ಭಾರವನ್ನು ವಿಧಿ ಮನುಷ್ಯನ ಹೆಗಲಿನಿಂದ ಇಳಿಸುವುದಿಲ್ಲ. ಮಾಡುವುದನ್ನೆಲ್ಲ ಮಾಡಿದ ಮೇಲೂ ಕೈಗೆಟುಕದ್ದು ಒಂದು ಉಳಿಯುತ್ತದಲ್ಲ, ಅದಕ್ಕಾಗಿ ನವೆದು ಸಾಯುವುದನ್ನು ತಪ್ಪಿಸುತ್ತದೆ, ಅಷ್ಟೇ. ಅದೇ ಪ್ಲೇಗಿನಲ್ಲಿ ಅಬೂ ಉಬೈದಾ ತಮ್ಮ ಜನರ ನಡುವೆಯೇ ತೀರಿಕೊಂಡರು. ಅವರನ್ನೂ ನಾನು ಕಡಿಮೆ ಎನ್ನಲಾರೆ.

ವಿಧಿ ಮತ್ತು ಇಚ್ಛೆಯ ವಿಚಾರದಲ್ಲಿ ಮುಸ್ಲಿಮ್ ಪಂಡಿತರು ಕಣ್ಣುಮುಚ್ಚಿ ಕೂತವರಲ್ಲ. ಮನುಷ್ಯ ಗಾಳಿಗೆ ಸಿಕ್ಕ ತರಗೆಲೆ ಎಂದ ಜಬ್ರಿಯ್ಯ ಪಂಥದವರನ್ನು ಮುಖ್ಯ ಧಾರೆ ಒಪ್ಪಲಿಲ್ಲ. ಮುಅ್ತಜಿಲ ಪಂಥದವರು ದೇವರ ನ್ಯಾಯ ಉಳಿಯಬೇಕಾದರೆ ಮನುಷ್ಯನಿಗೆ ಸ್ವಾತಂತ್ರ್ಯ ಇರಲೇಬೇಕು ಎಂದರು. ಅಶ್‌ಅರಿ ಮತ್ತು ಸಮರ್ಕಂದದ ಮಾತುರೀದಿ ಎಂಬ ಪಂಡಿತರು ಇವೆರಡರ ನಡುವಿನ ದಾರಿ ಹುಡುಕಿದರು. ಅವರ ವಾದಗಳು ಸೂಕ್ಷ್ಮ, ಇಲ್ಲಿ ಬಿಡಿಸುವುದಿಲ್ಲ.

ಒಬ್ಬನೇ ದೇವರು ಎಂಬ ತೌಹೀದ್ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ, ಅದು ನನಗೆ ಆಶ್ಚರ್ಯ. 632ರಲ್ಲಿ ಪ್ರವಾದಿಯ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಆಕಾಶವೇ ಶೋಕಿಸಿತು ಎಂದು ಜನ ಮಾತಾಡಿಕೊಂಡರು. ಮಗನನ್ನು ಕಳೆದುಕೊಂಡು ಕಣ್ಣೀರಿಟ್ಟ ತಂದೆ ಆ ಸಮಾಧಾನವನ್ನೂ ತಳ್ಳಿಹಾಕಿದರು. ಸೂರ್ಯ ಚಂದ್ರರು ದೇವರ ಕುರುಹುಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಗ್ರಹಣ ಹಿಡಿಯುವುದಿಲ್ಲ ಎಂದರು. ಅದೇ ವರ್ಷ ಪ್ರವಾದಿಯೇ ತೀರಿಕೊಂಡಾಗ ಅವರ ಆಪ್ತ ಸಂಗಾತಿ ಅಬೂಬಕರ್ ಕಂಗಾಲಾದ ಜನರ ಮುಂದೆ ನಿಂತು, ಮುಹಮ್ಮದರನ್ನು ಆರಾಧಿಸುತ್ತಿದ್ದವರಿಗೆ ಮುಹಮ್ಮದರು ತೀರಿಕೊಂಡರು, ಅಲ್ಲಾಹನನ್ನು ಆರಾಧಿಸುವವರಿಗೆ ಅಲ್ಲಾಹ್ ಬದುಕಿದ್ದಾನೆ ಎಂದರು. ನಮಾಜಿನ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವುದೂ, ಹಜ್ಜಿನಲ್ಲಿ ಗಂಡಸರೆಲ್ಲ ಹೊಲಿಗೆಯಿಲ್ಲದ ಎರಡೇ ಬಿಳಿ ಬಟ್ಟೆ ಸುತ್ತಿಕೊಳ್ಳುವುದೂ ಇದೇ ಬೇರಿನ ಚಿಗುರು.

ಎಲ್ಲದಕ್ಕೂ ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದ ಅಂತ್ಯದಿನದ ನಂಬಿಕೆ ಹಣದ ಚೀಲಕ್ಕೂ ಕೈ ಹಾಕುತ್ತದೆ. 85 ಗ್ರಾಂ ಚಿನ್ನದ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ, ಅದರಲ್ಲಿ ಶೇಕಡ 2.5 ಬಡವರಿಗೆ, ಸಾಲದಲ್ಲಿ ಮುಳುಗಿದವರಿಗೆ, ದಾರಿಹೋಕರಿಗೆ ಸಲ್ಲಬೇಕು. ಝಕಾತ್ ಎಂದರೆ ಇದೇ. ಕುರ್‌ಆನ್ ಹೇಳುವ ಎಂಟು ಬಗೆಯ ಹಕ್ಕುದಾರರಲ್ಲಿ ಇವರೂ ಸೇರಿದ್ದಾರೆ. ಭಿಕ್ಷೆ ಎಂಬ ಭಾವ ಅದರಲ್ಲಿಲ್ಲ, ಇನ್ನೊಬ್ಬರ ಪಾಲು ನನ್ನ ಹತ್ತಿರ ಇದೆ ಎಂಬ ಲೆಕ್ಕ ಇದೆ. ಅಂತ್ಯದಿನವನ್ನು ನಂಬಿದವರು ಲೋಕದ ಕೆಲಸಕ್ಕೆ ಬೆನ್ನು ತಿರುಗಿಸುತ್ತಾರೆ ಎನ್ನುವವರಿಗೆ ಒಂದು ಹದೀಸ್ ಇದೆ: ಅಂತ್ಯದ ಗಳಿಗೆ ಬಂದೇಬಿಟ್ಟಾಗ ನಿಮ್ಮ ಕೈಯಲ್ಲಿ ಸಸಿಯೊಂದಿದ್ದರೆ, ಸಾಧ್ಯವಾದರೆ ಅದನ್ನು ನೆಟ್ಟುಬಿಡಿ.

ಇದನ್ನೆಲ್ಲ ಬರೆಯುವಾಗ ನನ್ನೊಳಗೆ ಹಳೆಯ ಸಿಟ್ಟೊಂದು ಏಳುತ್ತದೆ. ಬಹಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯೊಂದಕ್ಕೆ ಝಕಾತ್ ಬಗ್ಗೆ ಎರಡು ಪುಟ ಬರೆದುಕೊಟ್ಟೆ. ಮೇಲಿನವರು ಓದಿ, “ಚೆನ್ನಾಗಿದೆ, ಆದರೆ ಇದರಲ್ಲಿ ಜಗಳವೇ ಇಲ್ಲವಲ್ಲ” ಎಂದು ವಾಪಸ್ ಕೊಟ್ಟರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕೋಟ್ಯಂತರ ಜನ ದಿನಕ್ಕೆ ಐದು ಸಲ ನಮಾಜಿಗೆ ನಿಲ್ಲುತ್ತಾರೆ, ಸಾವಿನ ಸುದ್ದಿ ಕೇಳಿದೊಡನೆ “ನಾವು ಅಲ್ಲಾಹನವರು, ಅವನೆಡೆಗೇ ಮರಳುವವರು” ಎಂದು ಎದೆಯನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ಅದು ಸುದ್ದಿಯಲ್ಲ. ಎಲ್ಲೋ ಒಬ್ಬ ಕೂಗಾಡಿದರೆ ಸುದ್ದಿ. ಹೀಗೆ ಪಠ್ಯಪುಸ್ತಕದ ಪಟ್ಟಿ ಒಂದು ಕೈಯಲ್ಲಿ, ಜಗಳದ ಸುದ್ದಿ ಇನ್ನೊಂದು ಕೈಯಲ್ಲಿ ಹಿಡಿದು ನಾವು ಪಕ್ಕದವರ ನಂಬಿಕೆಯನ್ನು ಅರಿತೆವು ಎಂದುಕೊಳ್ಳುತ್ತೇವೆ. ಅವರವರ ಧರ್ಮಬೋಧಕರಲ್ಲೂ ಕೆಲವರು ಆರು ನಂಬಿಕೆ, ಐದು ಕರ್ತವ್ಯ ಎಂದು ಮಕ್ಕಳಿಂದ ಎಣಿಸಿಸಿ ಕೈತೊಳೆದುಕೊಳ್ಳುತ್ತಾರೆ.

ಇನ್ನು ‘ಇನ್‌ಶಾ ಅಲ್ಲಾಹ್’. ನುಣುಚಿಕೊಳ್ಳಲು ಆ ಮಾತನ್ನು ಬಳಸುವವರನ್ನು ನಾನೂ ಕಂಡಿದ್ದೇನೆ. ಆದರೆ ಅದರ ಮೂಲ ಕುರ್‌ಆನಿನ 18ನೆಯ ಅಧ್ಯಾಯದಲ್ಲಿದೆ: ಯಾವುದರ ಬಗ್ಗೆಯೂ “ನಾಳೆ ಇದನ್ನು ಮಾಡಿಯೇ ತೀರುತ್ತೇನೆ” ಎನ್ನಬೇಡ, “ಅಲ್ಲಾಹ್ ಬಯಸಿದರೆ” ಎಂದು ಸೇರಿಸು. ಮಾಡುವುದಿಲ್ಲ ಎಂದು ಸೂಚಿಸಲು ಹುಟ್ಟಿದ ಮಾತಲ್ಲ ಇದು. ಮಾಡಲು ಹೊರಟವನು ನಾಳೆ ತನ್ನ ಸ್ವತ್ತಲ್ಲ ಎಂದು ನೆನಪಿಟ್ಟುಕೊಳ್ಳುವ ಮಾತು. ನನ್ನ ಮೊಳೆ ಜೋಡಿಸುವ ಹಿರಿಯರು “ಬೆಳಿಗ್ಗೆಗೆ ಪುಟ ಆಗುತ್ತೆ, ಇನ್‌ಶಾ ಅಲ್ಲಾಹ್” ಎಂದರೆ ನಾನು ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗುತ್ತಿದ್ದೆ. ಬೆಳಿಗ್ಗೆ ಬಂದಾಗ ಪುಟ ಸಿದ್ಧವಾಗಿರುತ್ತಿತ್ತು.

ಮೇಷ್ಟ್ರೇ, ಕುರ್‌ಆನಿನ 107ನೆಯ ಅಧ್ಯಾಯ ಅಲ್-ಮಾಊನ್ ಓದಿ. ಏಳೇ ಸೂಕ್ತಗಳು, ಐದು ನಿಮಿಷವೂ ಬೇಡ. ಅನಾಥನನ್ನು ತಳ್ಳುವವನ ಬಗ್ಗೆ, ನಮಾಜ್ ಮಾಡಿಯೂ ಸಣ್ಣಪುಟ್ಟ ನೆರವನ್ನು ನಿರಾಕರಿಸುವವರ ಬಗ್ಗೆ ಅಲ್ಲಿ ಏನಿದೆ ನೋಡಿ, ನನಗೆ ಇನ್ನೊಂದು ಪತ್ರ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಈ ಪುಟವನ್ನು ಕಾದಿರಿಸಿದ್ದೇನೆ.